ಸವಾಯಿ ಗಂಧರ್ವ ಮತ್ತು ಕುಂದಗೋಳದ ನಾಡಿಗೇರ ವಾಡೆ

ಸವಾಯಿ ಗಂಧರ್ವ (ಜನವರಿ 19, 1886 – ಸೆಪ್ಟೆಂಬರ್ 12, 1952) ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆಯ ಪ್ರಮುಖ ಗಾಯಕರು ಹಾಗೂ ಮರಾಠಿ ಸಂಗೀತ ರಂಗಭೂಮಿಯ ನಟರು. ಇವರ ಮೂಲ ಹೆಸರು ರಾಮಚಂದ್ರ ಗಣೇಶ ಸೌಂಶಿ. ರಾಮಭಾವು ಕುಂದಗೋಳಕರ ಎಂದೂ ಪ್ರಸಿದ್ಧರಾಗಿದ್ದರು. ಇವರ ಸಂಗೀತ ಜೀವನವು ಧಾರವಾಡ ಜಿಲ್ಲೆಯ ಕುಂದಗೋಳದಲ್ಲಿರುವ ನಾಡಿಗೇರ ವಾಡೆಯೊಂದಿಗೆ ನಿಕಟ ಸಂಬಂಧ ಹೊಂದಿದೆ.

ಬಾಲ್ಯ ಮತ್ತು ವಾಡೆಯ ಆಶ್ರಯ

ರಾಮಚಂದ್ರರು ಹುಟ್ಟಿದಾಗ ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ತಂದೆ ಗಣೇಶ ಸೌಂಶಿಯವರು ಗುಮಾಸ್ತರಾಗಿದ್ದರು. ಉತ್ತರ ಕರ್ನಾಟಕದಲ್ಲಿ ವತನದಾರ ಮನೆತನಗಳ ದೊಡ್ಡ ಮನೆಯನ್ನು ವಾಡೆ ಎನ್ನುತ್ತಾರೆ. ಊರಿನ ಜಹಗೀರುದಾರರಾದ ನಾಡಿಗೇರ ಮನೆತನದವರು ಸಂಗೀತ ಪ್ರೇಮಿಗಳಾಗಿದ್ದು, ಅವರ ವಾಡೆಯಲ್ಲಿ ಗಾಯಕರಿಗೆ ಆತಿಥ್ಯವೂ ಹಾಡಲು ವೇದಿಕೆಯೂ ದೊರೆಯುತ್ತಿದ್ದವು.

ಹುಬ್ಬಳ್ಳಿಯ ಶಾಲೆಗೆ ಸೇರಿದರೂ ರಾಮಚಂದ್ರರ ಒಲವು ಸಂಗೀತದತ್ತ ಇತ್ತು. ತಂದೆಯವರು ಅವರನ್ನು ಬಲವಂತರಾವ್ ಕೊಲ್ಹಟಕರ ಅವರಲ್ಲಿ ಕಲಿಯಲು ಬಿಟ್ಟರು. ಕೊಲ್ಹಟಕರರು 1898ರಲ್ಲಿ ನಿಧನರಾದಾಗ ಈ ಪಾಠ ನಿಂತಿತು. ಮೈಸೂರು ಅರಮನೆಗೆ ಹೋಗಿ ಬರುವಾಗ ಧಾರವಾಡ ಸೀಮೆಯಲ್ಲಿ ತಂಗುತ್ತಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರ ಗಾಯನವನ್ನು ಅವರು ವಾಡೆಯಲ್ಲಿಯೇ ಕೇಳಿ, ಮುಂದೆ ಖಾನರ ಶಿಷ್ಯರಾದರು.

ಸಾಧನೆ ಮತ್ತು ರಂಗಭೂಮಿ

ರಾಮಚಂದ್ರರ ಕಂಠವು ಸಹಜವಾಗಿ ಸುಲಲಿತವಾಗಿರಲಿಲ್ಲ. ಕಠಿಣ ಸಾಧನೆಯಿಂದ ಅದನ್ನು ಪಳಗಿಸಿದರು. ಕಚೇರಿಯ ಆರಂಭದಲ್ಲಿ ಧ್ವನಿ ತೆರೆದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಗುರುಗಳಿಗೆ ಒಪ್ಪಿಗೆಯಿಲ್ಲದಿದ್ದರೂ ನಾಟಕ ಕಂಪನಿ ಸೇರಿ ಸ್ತ್ರೀಪಾತ್ರಗಳಿಂದ ಹೆಸರು ಗಳಿಸಿದರು. ಆ ಕಾಲದ ಜನಪ್ರಿಯ ನಟ ಬಾಲಗಂಧರ್ವರಿಗೆ ಹೋಲಿಸಿ ಇವರಿಗೆ 'ಸವಾಯಿ ಗಂಧರ್ವ' ಎಂಬ ಬಿರುದು ಬಂದಿತು. 'ಸವಾಯಿ' ಎಂದರೆ ಒಂದೂಕಾಲು ಪಟ್ಟು, ಅಂದರೆ ಮೂಲಕ್ಕಿಂತ ಒಂದು ತೂಕ ಹೆಚ್ಚು ಎಂದರ್ಥ. ಬಳಿಕ ರಂಗಭೂಮಿಯನ್ನು ಬಿಟ್ಟು ಕಚೇರಿ ಮತ್ತು ಬೋಧನೆಯಲ್ಲಿ ತೊಡಗಿದರು.

ಶಿಷ್ಯ ಪರಂಪರೆ

ಗಂಗೂಬಾಯಿ ಹಾನಗಲ್ ಅವರು ಪಾಠಕ್ಕಾಗಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬರುತ್ತಿದ್ದರು. ಗದಗಿನ ಭೀಮಸೇನ ಜೋಶಿಯವರು 1930ರ ದಶಕದಲ್ಲಿ ಗುರುಗಳ ಮನೆಯಲ್ಲಿದ್ದು, ಮನೆಗೆಲಸ ಮಾಡುತ್ತಾ ಕಲಿತರು. ಮುಂಬಯಿಯ ಫಿರೋಜ್ ದಸ್ತೂರ್ ಹಾಗೂ ಕುಂದಗೋಳ ತಾಲೂಕಿನ ಯಲಿವಾಳದ ಬಸವರಾಜ ರಾಜಗುರು ಅವರೂ ಇವರಲ್ಲಿ ಕಲಿತವರು. ಗಂಗೂಬಾಯಿಯವರಿಗೆ 2002ರಲ್ಲಿ ಪದ್ಮವಿಭೂಷಣ ಹಾಗೂ ಭೀಮಸೇನರಿಗೆ 2009ರಲ್ಲಿ ಭಾರತರತ್ನ ಪ್ರದಾನವಾದವು.

ಕೊನೆಯ ದಿನಗಳು ಮತ್ತು ಸ್ಮರಣೆ

1940ರ ದಶಕದ ಆರಂಭದಲ್ಲಿ ಪಾರ್ಶ್ವವಾಯು ತಗುಲಿ ಇವರ ಸಾರ್ವಜನಿಕ ಗಾಯನ ನಿಂತುಹೋಯಿತು. ಆದರೂ ಶಿಷ್ಯರಿಗೆ ಪಾಠ ಹೇಳುವುದನ್ನು ಬಿಡಲಿಲ್ಲ. 1952ರಲ್ಲಿ ಪುಣೆಯಲ್ಲಿ ನಿಧನರಾದರು.

ಇವರ ಸ್ಮರಣಾರ್ಥ 1953ರಲ್ಲಿ ಪುಣೆಯಲ್ಲಿ ಆರಂಭವಾದ ಉತ್ಸವವು ಇಂದು ಸವಾಯಿ ಗಂಧರ್ವ ಭೀಮಸೇನ ಮಹೋತ್ಸವವೆಂದು ಹೆಸರಾಗಿದೆ. ಕುಂದಗೋಳದ ನಾಡಿಗೇರ ವಾಡೆಯಲ್ಲಿಯೂ ಪುಣ್ಯತಿಥಿಯ ನಿಮಿತ್ತ ಅಹೋರಾತ್ರಿ ಸಂಗೀತೋತ್ಸವ ನಡೆಯುತ್ತ ಬಂದಿದೆ. ಗಂಗೂಬಾಯಿ ಮತ್ತು ಭೀಮಸೇನರು ಖ್ಯಾತಿ ಗಳಿಸಿದ ಮೇಲೂ ಇಲ್ಲಿಗೆ ಬಂದು ಹಾಡುತ್ತಿದ್ದರು. ಸಂಸ್ಥಾನ ಮತ್ತು ಜಹಗೀರುಗಳು ಅಳಿದರೂ ಗುರುವಿಗೆ ಮೊದಲ ಆಸರೆಯಾದ ಮನೆಯಲ್ಲಿ ಹಾಡುಗಾರಿಕೆ ಮುಂದುವರಿದಿರುವುದು ಈ ವಾಡೆಯ ವೈಶಿಷ್ಟ್ಯ.