ನಕ್ಷತ್ರದ ಬೆಳಕನ್ನು ಓದಿದ ವೈನು ಬಾಪ್ಪು

ನಮ್ಮ ಜಿಲ್ಲೆಯ ಆಗ್ನೇಯಕ್ಕೆ, ತಮಿಳುನಾಡಿನ ಜವ್ವಾದಿ ಬೆಟ್ಟಗಳಲ್ಲಿ ಕಾವಲೂರು ಎಂಬ ಪುಟ್ಟ ಊರಿದೆ. ಅಲ್ಲಿನ ದೊಡ್ಡ ದೂರದರ್ಶಕಕ್ಕೆ ವೈನು ಬಾಪ್ಪು ಅವರ ಹೆಸರಿದೆ. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರೂ ಅವರೇ.

ಬಾಪ್ಪು ಹುಟ್ಟಿದ್ದು 1927ರ ಆಗಸ್ಟ್ 10ರಂದು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದುದರಿಂದ ಬಾಲ್ಯದಲ್ಲೇ ಆಕಾಶದ ನಂಟು ಬೆಳೆಯಿತು. ವಿದ್ಯಾರ್ಥಿವೇತನ ಪಡೆದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದ ಅವರು 1949ರಲ್ಲಿ ಹೊಸ ಧೂಮಕೇತುವೊಂದನ್ನು ಕಂಡುಹಿಡಿದರು.

ರಾತ್ರಿ ಹೊಲದಾಚೆ ಕಾಣುವ ದೀಪ ಹತ್ತಿರದ ಬುಡ್ಡಿದೀಪವೋ ದೂರದ ದೊಡ್ಡ ದೀಪವೋ ಎಂದು ಹೇಳುವುದು ಕಷ್ಟ. ನಕ್ಷತ್ರಗಳದೂ ಇದೇ ತೊಡಕು. ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕ್ಯಾಲ್ಸಿಯಂನ ಕಪ್ಪು ಗೆರೆಯ ನಡುವೆ ಸಣ್ಣದೊಂದು ಹೊಳಪು ಕಾಣುತ್ತದೆ. ತಂಪಾದ ನಕ್ಷತ್ರಗಳಲ್ಲಿ ಆ ಹೊಳಪು ಅಗಲವಾದಷ್ಟೂ ನಕ್ಷತ್ರದ ನಿಜವಾದ ಕಾಂತಿ ಹೆಚ್ಚು. ಓಲಿನ್ ವಿಲ್ಸನ್ ಜೊತೆ ಬಾಪ್ಪು 1957ರಲ್ಲಿ ಪ್ರಕಟಿಸಿದ ಈ ನಿಯಮಕ್ಕೆ ಇಬ್ಬರ ಹೆಸರೂ ಸೇರಿದೆ. ನಿಜ ಕಾಂತಿ ತಿಳಿದರೆ ದೂರ ತಿಳಿಯುತ್ತದೆ. ಅದೇ ಹೊಳಪು ಎಳೆಯ ನಕ್ಷತ್ರಗಳಲ್ಲಿ ಪ್ರಖರವಾಗಿದ್ದು, ವಯಸ್ಸಾದಂತೆ ಮಂಕಾಗುತ್ತದೆ. ಹೀಗಾಗಿ ನಕ್ಷತ್ರಗಳು ಹುಟ್ಟಿ ಬೆಳೆಯುವ ಬಗೆಯನ್ನು ಲೆಕ್ಕಹಾಕುವವರಿಗೆ ಈ ಗೆರೆ ಇಂದಿಗೂ ಬೇಕು.

ವಿದೇಶದಲ್ಲೇ ಉಳಿಯಬಹುದಿತ್ತು, ಅವರು ಮರಳಿ ಬಂದರು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಉತ್ತರದ ಆಕಾಶವೂ ದಕ್ಷಿಣದ ಆಕಾಶವೂ ಚೆನ್ನಾಗಿ ಕಾಣುವ, ಊರ ದೀಪಗಳಿಲ್ಲದ ಜಾಗ ಹುಡುಕಿ ಕಾವಲೂರನ್ನು ಆರಿಸಿದರು. 1972ರಲ್ಲಿ ಅಲ್ಲಿಗೆ ಬಂದ 1 ಮೀಟರ್ ದೂರದರ್ಶಕ ಜರ್ಮನಿಯದು. ಅದಕ್ಕಿಂತ ದೊಡ್ಡದನ್ನು ನಮ್ಮವರೇ ಮಾಡಬೇಕೆಂದು ಬಾಪ್ಪು ಹಟ ಹಿಡಿದರು. 2.34 ಮೀಟರ್ ಅಗಲದ ಕನ್ನಡಿಯನ್ನು ಬೆಂಗಳೂರಿನಲ್ಲೇ ಉಜ್ಜಿ ನಯಗೊಳಿಸಲಾಯಿತು. ವರ್ಷಗಟ್ಟಲೆ ಹಿಡಿದ ಕೆಲಸ ಅದು.

1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದ ಬಾಪ್ಪು, 1982ರ ಆಗಸ್ಟ್ 19ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 55 ವರ್ಷ. ದೂರದರ್ಶಕ ಇನ್ನೂ ಮುಗಿದಿರಲಿಲ್ಲ. ಅವರ ಜೊತೆಗಾರರು ಕೆಲಸ ಪೂರ್ತಿಮಾಡಿದರು. 1986ರ ಜನವರಿಯಲ್ಲಿ ಅದಕ್ಕೆ ಅವರ ಹೆಸರಿಟ್ಟರು.

ಅದೇ ಸಂಸ್ಥೆ ಇಂದು ಲಡಾಖ್‌ನ ಹಾನ್ಲೆಯ ದೂರದರ್ಶಕವನ್ನು ನಡೆಸುವುದು ನಮ್ಮ ನೆರೆಯ ಹೊಸಕೋಟೆಯಿಂದ. ಹಿಮಾಲಯದಲ್ಲಿ ಬಿದ್ದ ನಕ್ಷತ್ರದ ಬೆಳಕು ಅಂಕಿಗಳಾಗಿ ಇಲ್ಲಿಗೆ ಬರುತ್ತದೆ. ಆ ಅಂಕಿಗಳನ್ನು ಓದಲು ಗಣಿತ ಬಲ್ಲ, ತಾಳ್ಮೆಯುಳ್ಳ ಮಕ್ಕಳು ಬೇಕು. ಅವರಲ್ಲಿ ಮಾಸ್ತಿಯ ಹುಡುಗಿಯೋ ಹುಡುಗನೋ ಒಬ್ಬರಿರಲಿ.