ದಾಸ್ಯಪತ್ರ ಬರೆದುಕೊಟ್ಟ ಸಂತ

ಸಾಗರದ ಕೆಳದಿ ಮತ್ತು ಇಕ್ಕೇರಿ, ಹೊಸನಗರದ ಬಿದನೂರು, ತೀರ್ಥಹಳ್ಳಿಯ ಕವಲೇದುರ್ಗ ಎಂದೊಡನೆ ನಮಗೆ ಕೆಳದಿಯ ಅರಸರು ನೆನಪಾಗುತ್ತಾರೆ. ಅವರ ಆಳ್ವಿಕೆ ಘಟ್ಟದ ಕೆಳಗೂ ಹಬ್ಬಿತ್ತು. ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ ಆ ಕರಾವಳಿಯ ಊರುಗಳಲ್ಲಿ ಸಂತರೊಬ್ಬರು ಬರಿಗಾಲಲ್ಲಿ ಸಂಚರಿಸಿದರೆಂಬುದನ್ನು ಮಾತ್ರ ನಮ್ಮ ಮಕ್ಕಳಿಗೆ ಹೇಳಿಕೊಡುವವರು ವಿರಳ.

ಅವರೇ ಸಂತ ಜೋಸೆಫ್ ವಾಜ್. 1651ರ ಏಪ್ರಿಲ್ 21ರಂದು ಗೋವೆಯ ಬೆನಾವ್ಲಿಯಲ್ಲಿ, ತಾಯಿಯ ತವರಿನಲ್ಲಿ ಜನಿಸಿದರು. 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ಆಗಸ್ಟ್ 5ರಂದು ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಒಪ್ಪಿಸಿಕೊಂಡು ದಾಸ್ಯಪತ್ರವನ್ನೇ ಬರೆದುಕೊಟ್ಟರು. ಮನುಷ್ಯರ ಕ್ರಯವಿಕ್ರಯ ನಡೆಯುತ್ತಿದ್ದ ಅಂದಿನ ಗೋವೆಯಲ್ಲಿ ದಾಸನೆಂಬ ಮಾತು ಬರಿಯ ಅಲಂಕಾರವಾಗಿರಲಿಲ್ಲ. ತನ್ನದೆಂಬುದೇನನ್ನೂ ಉಳಿಸಿಕೊಳ್ಳದ ಈ ಯುವಗುರುವನ್ನು ಮುಂದೆ ಯಾವ ಬೆದರಿಕೆಯೂ ಕಟ್ಟಿಹಾಕಲಾರದೆ ಹೋಯಿತು.

1681ರಲ್ಲಿ ಅವರನ್ನು ಕೆನರಾಕ್ಕೆ ಕಳುಹಿಸಲಾಯಿತು. ಗೋವೆಯ ಅಧಿಕಾರಕ್ಕೂ ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷರಿಗೂ ನಡುವೆ ವಿವಾದವೆದ್ದು, ವಿಶ್ವಾಸಿಗಳು ಇಬ್ಭಾಗವಾಗಿದ್ದರು. ವಾಜ್‌ರವರು ವಾದಕ್ಕಿಳಿಯದೆ ಬಸರೂರು, ಗಂಗೊಳ್ಳಿ, ಕಲ್ಯಾಣಪುರಗಳಲ್ಲಿ ಬಲಿಪೂಜೆ ಅರ್ಪಿಸುತ್ತ, ಪಾಪನಿವೇದನೆ ಕೇಳುತ್ತ, ಬಡವರ ಮನೆಗಳಿಗೆ ನಡೆದರು. ಜಗಳವನ್ನು ಗೆಲ್ಲುವುದಕ್ಕಿಂತ ಬಿಟ್ಟುಕೊಡುವುದು ಕಷ್ಟದ ತ್ಯಾಗವೆಂದು ನಮ್ಮ ಕುಟುಂಬಗಳಿಗೆ ಬೇರೆ ಹೇಳಬೇಕಿಲ್ಲ.

1684ರಲ್ಲಿ ಗೋವೆಗೆ ಮರಳಿ, ಮರುವರ್ಷ ಅಲ್ಲಿನ ಒರೆಟರಿ ಸಂಘವನ್ನು ಸೇರಿದರು. ಆದರೆ ಅವರ ಮನಸ್ಸು ಸಿಂಹಳದಲ್ಲಿತ್ತು. ಅಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರಿಂದ ಜನರಿಗೆ ಸಂಸ್ಕಾರಗಳೇ ಇರಲಿಲ್ಲ. 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಜಾಫ್ನಾ ತಲುಪಿ, ಕೊರಳಿಗೆ ಜಪಸರ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರವನ್ನು ಕಂಡವರ ಮುಖಭಾವದಿಂದಲೇ ವಿಶ್ವಾಸಿಗಳನ್ನು ಗುರುತಿಸುವ ಉಪಾಯವದು!

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂಬ ಶಂಕೆಯ ಮೇಲೆ ಸೆರೆಯಾದರು. ಸೆರೆಯಲ್ಲಿ ಕುಳಿತೇ ಸಿಂಹಳ ಭಾಷೆ ಕಲಿತರು. 1697ರಲ್ಲಿ ಆ ಪಟ್ಟಣಕ್ಕೆ ಸಿಡುಬು ಬಡಿದು ಜನ ರೋಗಿಗಳನ್ನು ಬಿಟ್ಟು ಓಡಿದಾಗ, ಮತಭೇದವೆಣಿಸದೆ ರೋಗಿಗಳ ಗಾಯ ತೊಳೆದು, ಸತ್ತವರನ್ನು ಹೂಳಿದವರು ಇವರೇ. ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯನು ಅವರಿಗೆ ಧರ್ಮಸೇವೆಯ ಸ್ವಾತಂತ್ರ್ಯವಿತ್ತನು.

1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. 1995ರಲ್ಲಿ ಎರಡನೆಯ ಜಾನ್ ಪೌಲರು ಅವರನ್ನು ಧನ್ಯರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು. ಮಂಗಳೂರಿನ ಬಳಿ ಮುಡಿಪಿನ ಗುಡ್ಡದಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ಕರಾವಳಿಯ ಬಂಧುಗಳ ಮನೆಗೆ ಹೋಗುವ ಮಲೆನಾಡಿನವರು ಒಮ್ಮೆ ಅತ್ತ ತಿರುಗಬಹುದು.