ಉಸಿರು ಬಿಗಿಹಿಡಿಯುವ ಮುನ್ನ: ಜಾನ್ ಸ್ಕಾಟ್ ಹಾಲ್ಡೇನ್

ಬರುವ ಭಾನುವಾರ ನಾವು ಐದು ಜನ ಒಂದು ಫ್ರೀಡೈವಿಂಗ್ ಕ್ಲಬ್ಬಿನ ಜೊತೆ ಮೊದಲ ಸಲ ಕಡಲಿಗೆ ಇಳೀತಿದ್ದೇವೆ. ಬೆನ್ನಿಗೆ ಸಿಲಿಂಡರ್ ಇರೋಲ್ಲ. ಒಂದೇ ಉಸಿರು, ಹಿಡಿದು ಇಳಿಯಲು ಒಂದು ಹಗ್ಗ, ಹೆಚ್ಚೆಂದರೆ ಹತ್ತು ಮೀಟರ್ ಆಳ. ಈಜುಕೊಳದ ಅಭ್ಯಾಸವೆಲ್ಲ ಮುಗಿದಿದೆ. ಆ ಅಭ್ಯಾಸದ ದಿನಗಳಲ್ಲೇ ನಮ್ಮಲ್ಲೊಬ್ಬ, ಜಾಸ್ತಿ ಹೊತ್ತು ನೀರೊಳಗಿರಬಹುದು ಅಂತ, ಮುಳುಗುವ ಮುಂಚೆ ಮೂವತ್ತು ಸಲ ಜೋರಾಗಿ ಉಸಿರೆಳೆದು ಬಿಟ್ಟ. ತರಬೇತುದಾರರು ತಕ್ಷಣ ಅವನನ್ನು ತಡೆದು ದಡದ ಮೇಲೆ ಕೂರಿಸಿದರು. ಅವತ್ತು ಮತ್ತೆ ನೀರಿಗಿಳಿಯಲು ಬಿಡಲೇ ಇಲ್ಲ. ಇಷ್ಟಕ್ಕೆಲ್ಲ ಇಷ್ಟು ಕೋಪ ಯಾಕೆ ಅಂತ ನಾವು ಹುಡುಕುತ್ತಾ ಹೋದಾಗ ಸಿಕ್ಕವರು ಜಾನ್ ಸ್ಕಾಟ್ ಹಾಲ್ಡೇನ್.

ಹಾಲ್ಡೇನ್ ಹುಟ್ಟಿದ್ದು 1860ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. 1884ರಲ್ಲಿ ಅಲ್ಲೇ ವೈದ್ಯಕೀಯ ಪದವಿ ಪಡೆದರು. ಆದರೆ ದವಾಖಾನೆ ತೆರೆದು ಕೂರುವುದಕ್ಕಿಂತ ಜನ ಉಸಿರಾಡುವ ಗಾಳಿಯನ್ನು ಅಳೆಯುವುದೇ ಅವರಿಗೆ ಹೆಚ್ಚು ಇಷ್ಟವಾಯಿತು. ಡಂಡೀ ನಗರದ ಬಡವರ ಇಕ್ಕಟ್ಟಾದ ಮನೆಗಳಲ್ಲಿ, ಶಾಲೆಗಳಲ್ಲಿ ಗಾಳಿಯ ಮಾದರಿ ಸಂಗ್ರಹಿಸಿದರು. ಚರಂಡಿಗಳಿಗೂ ಇಳಿದರು. ಆಮೇಲೆ ಆಕ್ಸ್‌ಫರ್ಡ್ ಸೇರಿ, ಬಹುಪಾಲು ಕೆಲಸ ಅಲ್ಲಿಂದಲೇ ಮಾಡಿದರು.

1896ರಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯಲ್ಲಿ ಭಾರಿ ಸ್ಫೋಟವಾಯಿತು. ಸತ್ತವರನ್ನು ಪರೀಕ್ಷಿಸಿದ ಹಾಲ್ಡೇನ್ ಒಂದು ಸಂಗತಿ ಗಮನಿಸಿದರು: ಹೆಚ್ಚಿನವರು ಸತ್ತದ್ದು ಸ್ಫೋಟದ ಹೊಡೆತಕ್ಕಲ್ಲ, ಅದರ ನಂತರ ತುಂಬಿಕೊಂಡ ಕಾರ್ಬನ್ ಮಾನಾಕ್ಸೈಡ್‌ನಿಂದ. ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲ ಅದು. ಅದರ ಪರಿಣಾಮ ತಿಳಿಯಲು ಅವರು ತಾವೇ ಅದನ್ನು ಉಸಿರಾಡಿ, ತಮ್ಮ ರಕ್ತದಲ್ಲಿ ಅದೆಷ್ಟು ಸೇರಿದೆ ಅಂತ ಲೆಕ್ಕ ಹಾಕಿದ್ದರು. ಈ ವಿಷದ ಕೆಟ್ಟ ಗುಣ ಏನಂದರೆ, ಒಳಗೆ ಹೋಗುತ್ತಿರುವುದು ಉಸಿರಾಡುವವನಿಗೇ ಗೊತ್ತಾಗೋದಿಲ್ಲ. ಹಾಗಾಗಿ ಗಣಿಗೆ ಚಿಕ್ಕ ಪ್ರಾಣಿಗಳನ್ನು ಒಯ್ಯಿರಿ ಅಂತ ಅವರು ಸಲಹೆ ಕೊಟ್ಟರು. ಇಲಿ, ಕ್ಯಾನರಿ ಹಕ್ಕಿಗಳ ದೇಹಕ್ಕೆ ಈ ಅನಿಲ ಮನುಷ್ಯರಿಗಿಂತ ಬೇಗ ತಾಗುತ್ತದೆ. ಹಕ್ಕಿ ತೂಕಡಿಸಿ ಬಿದ್ದರೆ ಗಣಿಗಾರ ಹಿಂದಿರುಗಬೇಕು. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿಗಳು 1986ರವರೆಗೂ ಇದ್ದವು.

ನಮ್ಮ ಗೆಳೆಯನ ತಪ್ಪಿಗೆ ಉತ್ತರ ಸಿಗೋದು 1905ರ ಕೆಲಸದಲ್ಲಿ. ಹಾಲ್ಡೇನ್ ಮತ್ತು ಜಾನ್ ಪ್ರೀಸ್ಟ್ಲಿ ಉದ್ದನೆಯ ಕೊಳವೆಯೊಳಗೆ ಜೋರಾಗಿ ಉಸಿರು ಬಿಟ್ಟು, ಕೊನೆಗೆ ಬರುವ ಶ್ವಾಸಕೋಶದ ಆಳದ ಗಾಳಿಯನ್ನು ಹಿಡಿದು ಅಳೆದರು. ಬೆನ್ ನೆವಿಸ್ ಬೆಟ್ಟದ ತುದಿಯಲ್ಲೂ ಕಾರ್ನ್‌ವಾಲ್‌ನ ಆಳದ ಗಣಿಯಲ್ಲೂ ಅದನ್ನೇ ಮಾಡಿದರು. ದೇಹ ಆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳುತ್ತದೆ ಅಂತ ಕಂಡಿತು. ಅದು ಶೇಕಡಾ 0.2ರಷ್ಟು ಏರಿದರೆ ಸಾಕು, ಉಸಿರಾಟ ಸುಮಾರು ಎರಡು ಪಟ್ಟಾಗುತ್ತದೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಅರ್ಥವಾಗುತ್ತೆ ಅಲ್ವಾ? ಫೀಡ್‌ಬ್ಯಾಕ್ ಇದೆ, ಆದರೆ ಮುಖ್ಯ ಸೆನ್ಸರ್ ಆಮ್ಲಜನಕದ್ದಲ್ಲ.

ಅಂದರೆ ನೀರೊಳಗೆ ಉಸಿರು ಬೇಕು ಅನ್ನಿಸೋದು ಆಮ್ಲಜನಕ ಮುಗಿದಿದ್ದಕ್ಕಲ್ಲ, ಇಂಗಾಲದ ಡೈಆಕ್ಸೈಡ್ ಏರಿದ್ದಕ್ಕೆ. ಮೂವತ್ತು ಸಲ ಜೋರಾಗಿ ಉಸಿರಾಡಿದರೆ ಆಮ್ಲಜನಕ ಅಷ್ಟೇನೂ ಹೆಚ್ಚೋದಿಲ್ಲ, ಡೈಆಕ್ಸೈಡ್ ಮಾತ್ರ ಹೊರಗೆ ಹೋಗುತ್ತೆ. ನಮ್ಮ ಗೆಳೆಯ ಟ್ಯಾಂಕ್ ತುಂಬಿಸಿಕೊಂಡಿರಲಿಲ್ಲ, ಅಲಾರಂ ಆಫ್ ಮಾಡಿಕೊಂಡಿದ್ದ. ಕಡಲಲ್ಲಿ ಇದು ಇನ್ನೂ ಅಪಾಯ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದ್ದಕ್ಕಿಂತ ಎರಡು ಪಟ್ಟು ಇರುವುದರಿಂದ, ಉಳಿದ ಸ್ವಲ್ಪ ಆಮ್ಲಜನಕವೂ ಸಾಕು ಅನ್ನಿಸುತ್ತದೆ. ಮೇಲೆ ಬರುತ್ತಾ ಒತ್ತಡ ಅರ್ಧಕ್ಕೆ ಇಳಿದಾಗ ಅದು ಸಾಲದಾಗುತ್ತದೆ. ಪ್ರಜ್ಞೆ ತಪ್ಪುವುದು ಸಾಮಾನ್ಯವಾಗಿ ಕೊನೆಯ ಕೆಲವು ಮೀಟರುಗಳಲ್ಲಿ, ಇಲ್ಲವೇ ತಲೆ ನೀರಿನಿಂದ ಹೊರಬಂದ ಮೇಲೆ.

ಹಾಲ್ಡೇನ್ ಸ್ವತಃ ಮುಳುಗುಗಾರರ ಜೊತೆಗೂ ಕೆಲಸ ಮಾಡಿದರು. ಬ್ರಿಟಿಷ್ ನೌಕಾಪಡೆಯ ಮುಳುಗುಗಾರರು ಆಳದಿಂದ ಮೇಲೆ ಬಂದ ಮೇಲೆ ಕೀಲುನೋವಿನಿಂದ ನರಳುತ್ತಿದ್ದರು, ಕೆಲವರು ಸಾಯುತ್ತಿದ್ದರು. ಹಾಲ್ಡೇನ್ ಲಂಡನ್ನಿನಲ್ಲಿ ಮೇಕೆಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪ್ರಯೋಗ ಮಾಡಿ, ಎಲ್ಲೆಲ್ಲಿ ಎಷ್ಟು ನಿಮಿಷ ನಿಂತು ಮೇಲೆ ಬರಬೇಕು ಅನ್ನುವ ಕೋಷ್ಟಕ ತಯಾರಿಸಿದರು. 1906ರಲ್ಲಿ ಸ್ಕಾಟ್ಲೆಂಡಿನ ಕಡಲಲ್ಲಿ ಇಬ್ಬರು ನೌಕಾಧಿಕಾರಿಗಳು 210 ಅಡಿಯವರೆಗೆ ಇಳಿದು ಕ್ಷೇಮವಾಗಿ ಬಂದರು. ಆ ಪ್ರಯೋಗಗಳ ವೇಳೆ ಅವರ ಹದಿಮೂರು ವರ್ಷದ ಮಗನೂ ದೊಡ್ಡವರ ಸಡಿಲ ಉಡುಪು ತೊಟ್ಟು ಇಳಿದಿದ್ದ, ಒಳಗೆಲ್ಲ ನೀರು ಸೋರಿತ್ತು. ಆ ಹುಡುಗನೇ ಮುಂದೆ 1957ರಲ್ಲಿ ಕಲ್ಕತ್ತೆಗೆ ಬಂದು, ಭಾರತದ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೆ.ಬಿ.ಎಸ್. ಹಾಲ್ಡೇನ್. ಕೋಷ್ಟಕವಿದ್ದ ಪ್ರಬಂಧ 1908ರಲ್ಲಿ ಪ್ರಕಟವಾಯಿತು.

1915ರಲ್ಲಿ ಯುದ್ಧಭೂಮಿಯಲ್ಲಿ ಕ್ಲೋರಿನ್ ಬಳಕೆಯಾದಾಗ ಹಾಲ್ಡೇನ್ ಫ್ರಾನ್ಸಿಗೆ ಹೋಗಿ ಅದನ್ನು ಗುರುತಿಸಿದರು, ವಾಪಸ್ ಬಂದು ಮುಖವಾಡಗಳ ಪರೀಕ್ಷೆಗೆ ಮತ್ತೆ ತಮ್ಮನ್ನೇ ಒಡ್ಡಿಕೊಂಡರು. 1936ರ ಮಾರ್ಚ್‌ನಲ್ಲಿ, 75ನೆಯ ವಯಸ್ಸಿನಲ್ಲಿ ಆಕ್ಸ್‌ಫರ್ಡಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು.

ಇದನ್ನೆಲ್ಲ ಓದಿದ ಮೇಲೆ ನಮ್ಮ ತಯಾರಿ ಬದಲಾಯಿತು. ಇಳಿಯುವ ಮುಂಚೆ ಮಾಮೂಲಿ, ನಿಧಾನದ ಉಸಿರಾಟ ಮಾತ್ರ. ನೆಗಡಿ ಇದ್ದವರು ಕಿವಿಯ ಒತ್ತಡ ಸರಿಮಾಡಿಕೊಳ್ಳಲು ಆಗಲ್ಲ, ಅವರು ದೋಣಿಯಲ್ಲೇ. ಕಿವಿ ನೋವಾದರೆ ವಾಪಸ್. ಒಮ್ಮೆ ಮುಳುಗಿದ ಮೇಲೆ ಕನಿಷ್ಠ ಅದರ ಎರಡು ಪಟ್ಟು ಹೊತ್ತು ವಿಶ್ರಾಂತಿ. ಒಬ್ಬರು ಕೆಳಗಿದ್ದರೆ ಇನ್ನೊಬ್ಬರು ಮೇಲಿಂದ ನೋಡುತ್ತಿರಬೇಕು, ಮೇಲೆ ಬಂದ ಮೇಲೂ ಮೂವತ್ತು ಸೆಕೆಂಡ್ ಅವರ ಮುಖದಿಂದ ಕಣ್ಣು ತೆಗೆಯುವಂತಿಲ್ಲ. ಪ್ರಜ್ಞೆ ತಪ್ಪುವವನಿಗೆ ತಪ್ಪುತ್ತಿದೆ ಅಂತ ತಿಳಿಯೋಲ್ಲ, ಗಣಿಗಾರನಿಗೂ ತಿಳಿಯುತ್ತಿರಲಿಲ್ಲ.

ಆ ದಿನ ದಡದಲ್ಲಿ ಕೂತ ಗೆಳೆಯ ಭಾನುವಾರ ಕೊನೆಯವನಾಗಿ ಇಳಿಯುತ್ತಾನಂತೆ. ಅಲ್ಲಿಯವರೆಗೆ ನಾವು ಇಳಿಯುವಾಗ ಹಗ್ಗದ ಪಕ್ಕ ಕಾಯುವ ಕೆಲಸ ತನಗೇ ಬೇಕು ಅಂತ ಅವನೇ ಕೇಳಿಕೊಂಡಿದ್ದಾನೆ.